ಬೆನ್ನಿನ ತುಂಡು

ಕೋಟು ತನ್ನನ್ನೇ ನೋಡುತ್ತಿದೆ ಅನ್ನಿಸಿ ಗಿರಿಜಾಂಬಿಕಾ ಅದನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡಳು. ಈಗ ಕಾಣುವುದು ಒಳಮೈ ಮಾತ್ರ, ಹಳೆಯ ಪಂಚೆಯ ಬಿಳುಪು, ಅದರ ಮೇಲೆ ಒತ್ತೊತ್ತಾಗಿ ಸಾಲು ಹಿಡಿದು ಹೋದ ತನ್ನ ಹೊಲಿಗೆ. ಬೆನ್ನಿನ ತುಂಡು ಕೆಳಗೆ ಹೋಯಿತು. ಮಧ್ಯಾಹ್ನದವರೆಗೆ ಅದು ಕೆಳಗೇ ಇರಲಿ. ಮಧ್ಯಾಹ್ನ ತುಮಕೂರಿನಿಂದ ನಾದಿನಿ ಸೌಂದರ್ಯ ಕಾರಿನಲ್ಲಿ ಬರುತ್ತಾಳೆ, ಹಿತಕಿದ ಬೇಳೆ ಸಾರಿನಲ್ಲಿ ಮುದ್ದೆ ಉಣ್ಣುತ್ತಾಳೆ, ಕೋಟು ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾಳೆ, ಹೋಗುತ್ತಾಳೆ. ಭಾನುವಾರ ಅವಳ ಲೇಡೀಸ್ ಕ್ಲಬ್ಬಿನಲ್ಲಿ ಹೆಂಗಸರೆಲ್ಲ ತಂತಮ್ಮ ಊರಿನ ಕೈಕೆಲಸದ ಉಡುಪು ತೊಟ್ಟು ವೇದಿಕೆಯ ಮೇಲೆ ನಡೆಯಬೇಕಂತೆ. ತಮ್ಮ ಊರು ಯಾವ ದಿಕ್ಕಿಗಿದೆ ಎಂದು ಡ್ರೈವರನ್ನು ಕೇಳಬೇಕಾದವರೆಲ್ಲ ನಡೆಯುತ್ತಾರೆ, ಮಿಕ್ಕವರು ಚಪ್ಪಾಳೆ ತಟ್ಟುತ್ತಾರೆ. ಸೌಂದರ್ಯ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರದಲ್ಲಿ ಯಾವಳೋ ಬಿಳಿ ಹುಡುಗಿ ಹಿಮದಲ್ಲಿ ನಿಂತಿದ್ದಳು, ಅವಳ ಮೈಮೇಲೆ ಕೌದಿಯನ್ನೇ ಕತ್ತರಿಸಿ ಹೊಲಿದಂಥ ಕೋಟು. ಚಿತ್ರದ ಹಿಂದೆಯೇ ಸೌಂದರ್ಯಳ ದನಿ ಬಂತು, ಅತ್ತಿಗೆ ಇದು ನಮ್ಮ ಕೌದೀನೇ ಅಲ್ವಾ, ನಿಮ್ಮ ಕೈಲಿ ಆಗದೇ ಇರೋದು ಯಾವುದಿದೆ, ಅಂತ.

ಅದೇ ಸೌಂದರ್ಯ ಮದುವೆಯಾಗಿ ಹೋಗುವ ದಿನ, ತಾಯಿ ಕೈಯಾರೆ ಹೊಲಿದು ಇಟ್ಟಿದ್ದ ಕೌದಿಯನ್ನು ಕಾರಿನ ಡಿಕ್ಕಿಯಿಂದ ತೆಗೆದು ಜಗುಲಿಯ ಮೇಲೆ ಇಟ್ಟು ಹೋಗಿದ್ದಳು. ಅವಳ ಹತ್ತಿರ ನವಿಲಿನ ಚಿತ್ರದ ಬ್ಲಾಂಕೆಟ್ ಇತ್ತು. ಆಮೇಲೆ ಆ ಕೌದಿಯ ಮೇಲೆ ನಾಯಿ ಮಲಗಿತು. ನಾಯಿ ಸತ್ತ ಮೇಲೆ ಅದನ್ನು ಕೊಬ್ಬರಿ ಅಟ್ಟದ ಕಿಂಡಿಗೆ ಗಾಳಿ ಬರದ ಹಾಗೆ ತುರುಕಿದರು. ಈಗ ಕೌದಿಗೆ ತೋಳು ಬಂದಿದೆ, ಕಾಲರು ಬಂದಿದೆ, ಮಾನ ಬಂದಿದೆ. ಗಿರಿಜಾಂಬಿಕಾ ಸೂಜಿಗೆ ದಾರ ಪೋಣಿಸುತ್ತ ಇದನ್ನೆಲ್ಲ ಯಾರ ಎದುರಿಗೂ ಹೇಳಲಿಲ್ಲ. ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಅವಳ ಬಾಯಿಗೆ ಬರುವುದು ಒಂದೇ ಮಾತು, ಆಯ್ತು ಬುಡಿ. ಯಾರು ಏನು ಕೇಳಿದರೂ ಒಳಗೆ ಏನೋ ಕುದಿಯುತ್ತಿರುವಾಗಲೇ ಬಾಯಿ ತನ್ನಷ್ಟಕ್ಕೆ ಆ ಮಾತನ್ನು ಹೇಳಿ ಮುಗಿಸಿರುತ್ತಿತ್ತು. ಗಂಡನ ಊರು ಬಿಳಿಗೆರೆಯಲ್ಲಿ ಇದಕ್ಕೆ ತಾಳ್ಮೆ ಎಂದು ಹೆಸರು. ಮನೆಗೆ ಬಂದವರೆಲ್ಲ ಅವಳ ತಾಳ್ಮೆಯನ್ನು ಹೊಗಳಿ, ಕಾಫಿ ಕುಡಿದು, ಲೋಟವನ್ನು ಕೂತಲ್ಲೇ ಬಿಟ್ಟು ಎದ್ದುಹೋಗುತ್ತಿದ್ದರು.

ಕೋಟಿನ ಮುಂಭಾಗವನ್ನು ಅವಳು ಬ್ಲೌಸ್ ಪೀಸುಗಳಿಂದಲೇ ತುಂಬಿಸಿದ್ದಳು. ಅರಿಶಿನ ಕುಂಕುಮದ ಜೊತೆ ಎಲೆ ಅಡಿಕೆಯ ಕೆಳಗಿಟ್ಟು ಕೊಡುವ, ಯಾರೂ ಎಂದೂ ಹೊಲಿಸಿಕೊಳ್ಳದ, ಬೆಳಕಿಗೆ ಹಿಡಿದರೆ ಆಚೆಗಿನ ಗೋಡೆ ಕಾಣುವ ತುಂಡುಗಳು. ಒಬ್ಬಳು ಕೊಟ್ಟದ್ದನ್ನು ಇನ್ನೊಬ್ಬಳು ಬೀರುವಿನಲ್ಲಿಟ್ಟು ಮತ್ತೊಬ್ಬಳಿಗೆ ದಾಟಿಸುತ್ತಾಳೆ. ಅವಳೇ ಶೆಟ್ಟಿಕೆರೆಯ ಒಂದು ಮದುವೆಯಲ್ಲಿ ಕೊಟ್ಟಿದ್ದ ಗಿಳಿಹಸಿರಿನದು, ಮೂಲೆಯಲ್ಲಿದ್ದ ಕುಂಕುಮದ ಕಲೆಯ ಸಮೇತ ತಿಪಟೂರಿನ ಗೃಹಪ್ರವೇಶವೊಂದರಲ್ಲಿ ವಾಪಸು ಬಂದಿತ್ತು. ಸೌಂದರ್ಯ ಪ್ರತಿಸಲ ಬಂದಾಗ ತಂದುಕೊಟ್ಟವೇ ಒಂದು ಕಟ್ಟು ಇದ್ದವು. ಅವನ್ನೆಲ್ಲ ತಿರುಗಿ ಅವಳ ಎದೆಗೇ ಕೂರಿಸಿದ್ದಾಯಿತು. ತೋಳಿಗೆ ಗಂಡ ಜ್ಞಾನೇಶನ ಹಳೆಯ ಅಂಗಿ, ಜೇಬಿಗೆ ಮಗಳು ನಿಸರ್ಗಳ ಸ್ಕೂಲಿನ ಲಂಗ. ಉಳಿದಿದ್ದು ಬೆನ್ನು. ಬೆನ್ನಿಗೆ ಸೌಂದರ್ಯ ತಾನೇ ಆರಿಸಿದ್ದಳು. ನಿಮ್ಮವ್ವಂದು ಇಟ್ಟಿಗೆ ಕೆಂಪಿನ ಸೀರೆ ಇದೆಯಲ್ಲ ಅತ್ತಿಗೆ, ಹಳದಿ ಚೌಕಳಿದು, ಈಗ ಆ ಕಲರ್ ಎಲ್ಲೂ ಸಿಗಲ್ಲ, ಹೆಂಗೂ ನೀವು ಉಡೋದೂ ಇಲ್ಲ. ಫೋನು ಕಿವಿಯಲ್ಲಿದ್ದಾಗಲೇ ಗಿರಿಜಾಂಬಿಕಾ ಸೀರೆಯಿದ್ದ ಟ್ರಂಕಿನ ಕಡೆ ನೋಡಿದ್ದಳು. ಬಾಯಿ ಮಾತ್ರ ಹೇಳಿತ್ತು, ಆಯ್ತು ಬುಡು.

ಅವ್ವ ತೀರಿಕೊಂಡಾಗ ಶೆಟ್ಟಿಕೆರೆಯ ತವರುಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಸೀರೆಗಳನ್ನೆಲ್ಲ ಹರಡಿದ್ದರು. ಅಕ್ಕಂದಿರು ರೇಷ್ಮೆಯ ಕಡೆ ನೋಡದ ಹಾಗೆ ನೋಡುತ್ತ ಅಳುತ್ತಿದ್ದರು. ಕಿರಿಯವಳ ಸರದಿ ಬರುವ ಹೊತ್ತಿಗೆ ಚಾಪೆಯ ಮೇಲೆ ಉಳಿದಿದ್ದು ಅವ್ವ ದಿನಾ ಉಡುತ್ತಿದ್ದ ಅದೊಂದೇ ಸೀರೆ. ಪಾಪ ಗಿರಿಜಂಗೆ ಏನೂ ಉಳೀಲಿಲ್ಲ ಎಂದು ದೊಡ್ಡಕ್ಕ ಅಂದಳು. ಗಿರಿಜಾಂಬಿಕಾ ಸೀರೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಳ್ಳುವಾಗ ಅದರ ಸೆರಗಿನಿಂದ ಹೊಗೆಸೊಪ್ಪಿನ ವಾಸನೆ ಬಂತು, ಸೊಂಟದ ಹತ್ತಿರ ಬೂದಿ ಮೆತ್ತಿದ ಕೈಬೆರಳುಗಳ ಗುರುತಿತ್ತು. ಒಗೆಯಲಿಲ್ಲ. ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಅಕ್ಕಂದಿರ ಬಗ್ಗೆ ಅವಳಿಗೆ ಬಂದದ್ದು ಕೋಪವಲ್ಲ, ಕೋಪ ಸ್ವಲ್ಪ ಹೊತ್ತಿಗೆ ಆರುತ್ತದೆ, ಅದಕ್ಕಿಂತ ತಣ್ಣಗಿನದು ಏನೋ ಬಂದು ಕೂತಿತ್ತು. ಹೋದ ವಾರ ಆ ಸೀರೆಯನ್ನು ಟ್ರಂಕಿನಿಂದ ತೆಗೆದು ಮಂಚದ ಮೇಲೆ ಹಾಸಿ ಕತ್ತರಿಯನ್ನು ಅಂಚಿಗೆ ಇಟ್ಟಿದ್ದಳು. ಕತ್ತರಿ ಒಂದು ಸಲ ಕಚ್ಚಿತು. ಅಂಚಿನ ದಾರ ಕಡಿದ ಸದ್ದು ಕೇಳಿಸಿದ್ದೇ ಅವಳು ಕೈ ಎಳೆದುಕೊಂಡಳು. ಸೀರೆ ಟ್ರಂಕಿಗೆ ಹೋಯಿತು. ಅಂಚಿನಲ್ಲಿ ಸಣ್ಣ ಬಾಯಿಯೊಂದು ಬಿಟ್ಟುಕೊಂಡೇ ಹೋಯಿತು. ಅವಳು ಎದ್ದುಹೋಗಿ ಅಟ್ಟದ ಮೆಟ್ಟಿಲ ಕೆಳಗಿನ ಹಳೆಬಟ್ಟೆಯ ಮಂಕರಿಗೆ ಕೈ ಹಾಕಿದಳು. ಕೈಗೆ ಬಂದದ್ದು ತೀರಿಹೋದ ಮಾವ ಕರಿಬಸವಯ್ಯನ ಪಟಾಪಟಿ ಚಡ್ಡಿ. ನೀಲಿ, ಬಿಳಿ, ನಡುವೆ ತೆಳ್ಳಗೆ ಹಸಿರು. ಮೊಣಕಾಲು ಮುಟ್ಟುವಷ್ಟು ಉದ್ದ, ಇಬ್ಬರು ಹಿಡಿಸುವಷ್ಟು ಅಗಲ. ಎರಡು ಕಾಲನ್ನೂ ಬಿಚ್ಚಿ ಹರಡಿದರೆ ಒಂದು ಬೆನ್ನಿಗೆ ಸರಿಯಾಗಿ ಸಾಕು.

ಬೆಳಿಗ್ಗೆ ನಿಸರ್ಗ ಕಾಫಿ ಲೋಟ ಹಿಡಿದುಕೊಂಡು ಹಜಾರಕ್ಕೆ ಬಂದಿದ್ದಳು. ತಿಪಟೂರಿನ ಕಾಲೇಜಿಗೆ ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರು, ಅವಳು ಓದುವುದೊಂದು ಬಿಟ್ಟು ಎಲ್ಲ ಮಾಡುತ್ತಿದ್ದಳು. ಕೋಟನ್ನು ಎತ್ತಿ ತೊಟ್ಟುಕೊಂಡು ಬೀರುವಿನ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು, ಕುತ್ತಿಗೆ ಹೊರಳಿಸಿ ಬೆನ್ನು ನೋಡಿಕೊಂಡಳು, ನಿಂತುಬಿಟ್ಟಳು.

"ಅಮ್ಮ, ಇದು ತಾತನ ಪಟಾಪಟಿ ಅಲ್ವಾ?"

ನಿಸರ್ಗ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಳು, ಕಾಫಿ ಚೆಲ್ಲಿತು, ನಗು ನಿಲ್ಲಲಿಲ್ಲ. ಸೌಂದರ್ಯತ್ತೆ ಇದನ್ನು ಹಾಕಿಕೊಂಡು ಸ್ಟೇಜಿನ ಮೇಲೆ ಹೋಗುವುದು, ಮೈಕಿನಲ್ಲಿ ಇದು ನಮ್ಮ ಹಳ್ಳಿಯ ಕಲೆ ಅನ್ನುವುದು, ಹಿಂದಿನ ಸಾಲಿನಲ್ಲಿ ಯಾರಾದರೂ ನಮ್ಮ ಕಡೆಯವರು ಇದ್ದುಬಿಟ್ಟರೆ, ಅಯ್ಯೋ ಶಿವನೇ. ಬಾಯಿ ಮುಚ್ಚಿಕೊಂಡು ಓದಿಕೋ ಹೋಗು ಎಂದು ಗಿರಿಜಾಂಬಿಕಾ ಗದರಿದಳಾದರೂ ಅವಳ ತುಟಿಯೇ ಅವಳ ಮಾತು ಕೇಳಲಿಲ್ಲ. ತಾಯಿ ಮಗಳು ಬಾಯಿಗೆ ಸೆರಗು ದುಪಟ್ಟಾ ಒತ್ತಿಕೊಂಡು ನಕ್ಕರು. "ನೀನಂತೂ ಭಾರಿ ಇದೀಯ ಕಣಮ್ಮ. ನಿಂಗೆ ಇಲ್ಲ ಅನ್ನಕ್ಕೇ ಬರಲ್ಲ ಅನ್ಕೊಂಡಿದ್ದೆ" ಎಂದು ನಿಸರ್ಗ ಹೇಳಿದಳು. ಮಗಳ ಕಣ್ಣಿನಲ್ಲಿ ಅಂಥ ನೋಟವನ್ನು ಗಿರಿಜಾಂಬಿಕಾ ಹಿಂದೆಂದೂ ಕಂಡಿರಲಿಲ್ಲ. ಈ ಹುಡುಗಿ ದೊಡ್ಡವಳಾದಾಗಿನಿಂದ ತಾಯಿಯನ್ನು ನೋಡಿದ್ದು ಒಂದೇ ರೀತಿ, ಮೂಲೆಯಲ್ಲಿಟ್ಟ ರುಬ್ಬುಗುಂಡನ್ನು ನೋಡುವ ಹಾಗೆ, ಬೇಕು, ಆದರೆ ನೋಡಲು ಏನಿದೆ. ಹೋದ ವರ್ಷ ಯಾರದೋ ಎದುರಿಗೆ, ನಮ್ಮಮ್ಮನ ಥರ ಆಗೋದಕ್ಕಿಂತ ಹಾಸ್ಟೆಲ್ ಊಟ ವಾಸಿ ಎಂದಿದ್ದಳು, ತಮಾಷೆಗೆ. ಇಂದು ಆ ನೋಟ ಬದಲಾಗಿತ್ತು. ಆ ನೋಟಕ್ಕೋಸ್ಕರ ಗಿರಿಜಾಂಬಿಕಾ ಇನ್ನೂ ಹತ್ತು ಕೋಟು ಹೊಲಿಯಬಲ್ಲಳು, ಇಡೀ ತುಮಕೂರಿನ ಲೇಡೀಸ್ ಕ್ಲಬ್ಬಿಗೆ ಪಟಾಪಟಿ ಬೆನ್ನು ಹಚ್ಚಬಲ್ಲಳು.

ಅತ್ತೆ ಗುರುಸಿದ್ದಮ್ಮ ಗೋಡೆ ಹಿಡಿದುಕೊಂಡು ಬಂದಳು. ಎರಡು ಕಣ್ಣಿಗೂ ಪೊರೆ, ಎದುರಿಗಿದ್ದವರು ಹೊಗೆಯ ಹಾಗೆ ಕಾಣುತ್ತಾರಂತೆ. ಆದರೂ ಈ ಮನೆಯಲ್ಲಿ ಕೌದಿ ಹೊಲಿದರೆ ಕೊನೆಯ ಮೂಲೆಯ ಹೊತ್ತಿಗೆ ಅವಳು ಬರಲೇಬೇಕು. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಇಡಬೇಕು. ಹೊದೆಯುವವರ ಚಳಿಯನ್ನು ತಾನು ತಿನ್ನುವ ವಸ್ತು ಅದು, ಹಸಿದ ಹೊಟ್ಟೆಯಲ್ಲಿ ಮನೆಯಿಂದ ಕಳಿಸಬಾರದು. ಕೊಬ್ಬರಿಯ ಎಣ್ಣೆ ಬಿಟ್ಟು ಮೂಲೆ ಕರೆಗಟ್ಟುತ್ತದೆ, ಇರುವೆ ಮುತ್ತುತ್ತವೆ, ಈ ಮನೆಯ ಪ್ರತಿ ಕೌದಿಗೂ ಒಂದು ಜಿಡ್ಡು ಮೂಲೆ ಇದ್ದೇ ಇರುತ್ತದೆ. ಅತ್ತೆ ಅಂಗೈಯಲ್ಲಿ ಹಿಡಿದು ತಂದಿದ್ದ ಚೂರುಗಳನ್ನು ಸೊಸೆಯ ಕೈಗೆ ಹಾಕಿ, ಕೋಟಿನ ಮೇಲೆಲ್ಲ ಕೈಯಾಡಿಸಿದಳು. ಬೆನ್ನಿನ ಹತ್ತಿರ ಬೆರಳುಗಳು ನಿಧಾನವಾದವು.

"ಮೆತ್ತಗದೆ. ನಿಮ್ಮವ್ವನ ಸೀರೆಯೇನೇ?"

"ಹೂಂ ಅತ್ತೆಮ್ಮ."

ಮುದುಕಿಯ ಬೆರಳುಗಳು ಇನ್ನೊಂದು ಚೂರು ಹೊತ್ತು ಅಲ್ಲೇ ಇದ್ದು, ಆಮೇಲೆ ಗೋಡೆಗೆ ವಾಪಸಾದವು. ಅವಳು ಬಚ್ಚಲಿನ ಕಡೆ ಹೋದ ಮೇಲೆ ಗಿರಿಜಾಂಬಿಕಾ ಕೈಯಲ್ಲಿದ್ದ ಕೊಬ್ಬರಿ ಬೆಲ್ಲವನ್ನು ನೋಡಿದಳು, ತೆರೆದಿದ್ದ ಮೂಲೆಯನ್ನು ನೋಡಿದಳು, ಸೆರಗಿನ ತುದಿಗೆ ಎರಡನ್ನೂ ಇಟ್ಟು ಗಂಟು ಹಾಕಿಕೊಂಡಳು. ಸೂಜಿ ತೆಗೆದುಕೊಂಡು ಖಾಲಿ ಮೂಲೆಯನ್ನು ಬಿಗಿಯಾಗಿ ಮುಚ್ಚಿದಳು. ಇಡಲ್ವೇನಮ್ಮ ಎಂದು ನಿಸರ್ಗ ಕೇಳಿದಳು. "ಹಸ್ಕೊಂಡಿರ್ಲಿ ಬುಡು." ಮಗಳು ಮತ್ತೆ ನಕ್ಕಳು. ದಾರವನ್ನು ಹಲ್ಲಿನಿಂದ ಕಡಿಯುವಾಗ ಗಿರಿಜಾಂಬಿಕಾಗೆ ಒಂದು ಗಳಿಗೆ ಮೈಯೆಲ್ಲ ಹಗುರ ಅನ್ನಿಸಿತು, ಅದರ ಹಿಂದೆಯೇ ಯಾರೋ ಹಿತ್ತಲ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಅಂಗಳದಲ್ಲಿ ಕೊಬ್ಬರಿ ಸುಲಿಯುವವರ ಮಚ್ಚಿನ ಸದ್ದು, ಚಿಪ್ಪು ಬೀಳುವ ಸದ್ದು. ಜ್ಞಾನೇಶ್ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಕೇಳಿಸಿಕೊಂಡು ಬೇರೆ ಬೇರೆ ಗುಡ್ಡೆಗೆ ಹಾಕುತ್ತಿದ್ದ. ಕಾಯಿಯ ಒಳಗಿನದು ಅವನಿಗೆ ಕೇಳುತ್ತದೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಮಲಗಿದವಳನ್ನು ಅವನು ಒಂದು ದಿನವೂ ಅಲ್ಲಾಡಿಸಿ ನೋಡಲಿಲ್ಲ.

ಅವರೆಕಾಳನ್ನು ಹಿತಕುತ್ತ ಅಡಿಗೆಮನೆಯಲ್ಲಿ ಕೂತಳು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಕಾಳು ಸಿಪ್ಪೆಯನ್ನು ಬಿಟ್ಟು ಜಾರಿ ಬೀಳುತ್ತದೆ, ಮಾವನಿಗೂ ಇದೇ ಸಾರು ಇಷ್ಟವಾಗಿತ್ತು. ಕೊನೆಯ ವರ್ಷವೆಲ್ಲ ಹಜಾರದ ಆ ಮಂಚದ ಮೇಲೇ ಇದ್ದರು. ಊರಿಗೆಲ್ಲ ಎತ್ತರದ ದನಿಯ ಮನುಷ್ಯ, ಮಾರ್ಕೆಟ್ಟಿನಲ್ಲಿ ಹರಾಜಿಗೆ ನಿಂತರೆ ಆಚೆ ಬೀದಿಗೆ ಕೇಳುತ್ತಿತ್ತಂತೆ. ಮಂಚ ಹಿಡಿದ ಮೇಲೆ ದನಿ ಗಂಟಲಿನಿಂದ ಮೇಲೆ ಬರಲಿಲ್ಲ. ಮೊದಲ ಸಲ ಅವರ ಬಟ್ಟೆ ಬದಲಾಯಿಸಬೇಕಾಗಿ ಬಂದಾಗ ಜ್ಞಾನೇಶ್ ತಿಪಟೂರಿಗೆ ಹೋಗಿದ್ದ, ಅತ್ತೆಗೆ ಕಣ್ಣು ಕಾಣದು, ಅವಳೇ ಹತ್ತಿರ ಹೋದಳು. ಮುದುಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಎಲ್ಲ ಮುಗಿದು ಅವಳು ಮುದ್ದೆ ಮಾಡಿದ ಬಟ್ಟೆಯನ್ನು ಎತ್ತಿಕೊಂಡು ಹೊರಟಾಗ ಹಿಂದಿನಿಂದ ಕೇಳಿಸಿತು. "ಅವ್ವಾ, ಮುಂದಲ ತಂತೀಲಿ ಒಣಗಾಕ್ಬೇಡ. ಜನ ನೋಡ್ತಾರೆ." ಅಂದಿನಿಂದ ಅವಳು ಅವರ ಚಡ್ಡಿಗಳನ್ನು ದನದ ಕೊಟ್ಟಿಗೆಯ ಹಿಂದೆ ಒಂದು ಹಗ್ಗ ಕಟ್ಟಿ ಒಣಗಿಸಿದಳು. ಚಳಿಗಾಲದಲ್ಲಿ ಅಲ್ಲಿ ಬಿಸಿಲು ಬಾರದೆ ಎರಡೆರಡು ದಿನ ಹಸಿಯೇ ಇರುತ್ತಿದ್ದವು, ಆದರೂ ಮುಂದಿನ ತಂತಿಗೆ ಹಾಕಲಿಲ್ಲ. ಸೌಂದರ್ಯ ತಿಂಗಳಿಗೊಮ್ಮೆ ದಾಳಿಂಬೆ ಹಣ್ಣು ತೆಗೆದುಕೊಂಡು ಬಂದು, ಮಂಚದ ಕಾಲ ಕಡೆ ಕುರ್ಚಿ ಎಳೆದು, ಸೆರಗನ್ನು ಮೂಗಿಗೆ ಹಿಡಿದುಕೊಂಡು ಕೂರುತ್ತಿದ್ದಳು. ಅತ್ತಿಗೆ ಇರೋದಕ್ಕೆ ಅಪ್ಪ ಇದಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹೇಳಿ ಎದ್ದುಹೋದರೆ ಆ ಮಾತು ಮನೆಯಲ್ಲಿ ಉಳಿದು ಗಿರಿಜಾಂಬಿಕಾಳ ಕೈಗೆ ಮತ್ತೊಂದು ಬಕೆಟ್ಟು ಕೊಡುತ್ತಿತ್ತು. ಮುದುಕ ಹೋದ ಮೇಲೆ ಬಟ್ಟೆಬರೆಯನ್ನೆಲ್ಲ ಕೊಟ್ಟು ಮುಗಿಸಿದರು. ಕೊಟ್ಟಿಗೆಯ ಹಿಂದಿನ ಹಗ್ಗದ ಮೇಲೆ ಇದೊಂದು ಇದ್ದದ್ದು ಯಾರಿಗೂ ನೆನಪಾಗಲಿಲ್ಲ. ಅವಳೇ ತಂದು ಮಂಕರಿಗೆ ಹಾಕಿದ್ದಳು. ಕಾಳು ಜಾರಿ ಬಿತ್ತು. ಸೌಂದರ್ಯ ಮೂಗು ಮುಚ್ಚಿಕೊಂಡದ್ದನ್ನೇ ಅವಳ ಬೆನ್ನಿಗೆ ಹೊರಿಸುತ್ತಿದ್ದೇನೆ, ಅದರಲ್ಲಿ ತಪ್ಪೇನಿದೆ. ತಪ್ಪು ಇರಲಿಲ್ಲ, ಅವಳು ನ್ಯಾಯವನ್ನು ಎಷ್ಟು ಸಲ ಹೊರಳಿಸಿ ನೋಡಿದರೂ ಸರಿಯಾಗಿಯೇ ಇತ್ತು. ಆದರೆ ಗೋಡೆಯ ಕಡೆ ತಿರುಗಿದ ಆ ಮುಖ ಪ್ರತಿಸಲವೂ ನಡುವೆ ಬರುತ್ತಿತ್ತು, ಅದನ್ನು ಯಾವ ತುಂಡಿನ ಕೆಳಗೆ ಇಟ್ಟು ಹೊಲಿಯಬೇಕೋ ತಿಳಿಯಲಿಲ್ಲ.

ಕಿಬ್ಬನಹಳ್ಳಿ ದಾಟಿದ್ವಿ ಎಂದು ಸೌಂದರ್ಯಳ ಫೋನು ಬಂತು. ಕಾರು ಬಂತು. ಅವಳು ಇಳಿದಳು, ಸ್ವಲ್ಪ ಊದಿದ್ದಳು, ಕೂದಲಿಗೆ ಕೆಂಚು ಬಣ್ಣ ಹಾಕಿಸಿದ್ದಳು. ಕವರಿನೊಳಗೆ ಸ್ವೀಟಿನ ಡಬ್ಬ, ಡಬ್ಬದ ಮೇಲೆ ಮಡಚಿದ ಒಂದು ಬ್ಲೌಸ್ ಪೀಸು. ನಿಸರ್ಗ ತಾಯಿಯ ಕಡೆ ನೋಡಿ ಹುಬ್ಬು ಕುಣಿಸಿದಳು. ಊಟಕ್ಕೆ ಕೂತಾಗ ಸೌಂದರ್ಯ ಎರಡನೆಯ ಮುದ್ದೆಯನ್ನೂ ಹಾಕಿಸಿಕೊಂಡು, ಡಯಟ್ ಮಾಡ್ತಿದೀನಿ ಅತ್ತಿಗೆ, ನಿಮ್ಮ ಸಾರು ಬಿಡಲ್ಲ ಎಂದಳು. ಜ್ಞಾನೇಶ್ ತಂಗಿಯ ಮಾತಿಗೆಲ್ಲ ನಗುತ್ತಿದ್ದ, ಹೆಂಡತಿಯ ಸಾರಿನ ಹೊಗಳಿಕೆಯನ್ನು ತಾನೇ ತೆಗೆದುಕೊಳ್ಳುತ್ತಿದ್ದ. ಕ್ಲಬ್ಬಿನ ಸೆಕ್ರೆಟರಿ ಬಗ್ಗೆ, ಅವಳ ಬಾಡಿಗೆ ಒಡವೆಗಳ ಬಗ್ಗೆ, ಅವಳು ತನ್ನನ್ನು ಹಳ್ಳಿಯವಳು ಎಂದು ಆಡಿಕೊಂಡದ್ದರ ಬಗ್ಗೆ ಸೌಂದರ್ಯ ಬಹಳ ಹೊತ್ತು ಹೇಳಿದಳು. ಈ ಸಲ ತೋರಿಸುತ್ತಾಳಂತೆ. ಗಿರಿಜಾಂಬಿಕಾ ಬಡಿಸುತ್ತ ಅವಳ ಕತ್ತಿನ ಹಿಂದೆ ನಿಂತಾಗ ಒಂದು ಗಳಿಗೆ, ಹೇಳಿಬಿಡಲೇ ಎಂದುಕೊಂಡಳು. ಕೋಟಿಗೆ ಬೇರೆ ಬೆನ್ನು ಹಚ್ಚುತ್ತೇನೆ, ಎರಡು ದಿನ ಕೊಡು, ಎನ್ನಲೇ. ಆಗ ಸೌಂದರ್ಯ ಬೆರಳು ನೆಕ್ಕುತ್ತ ಹೇಳಿದಳು. "ಒಂದ್ ಮಾತು ಅತ್ತಿಗೆ. ನಾನೇ ಹೊಲ್ದೆ ಅಂತ ಹೇಳ್ಬೇಕಾಯ್ತದೆ. ರೂಲ್ಸ್ ಹಂಗೈತೆ. ಬೇಜಾರ್ ಮಾಡ್ಕೋಬೇಡಿ." ಗಿರಿಜಾಂಬಿಕಾ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಅದ್ರಲ್ಲೇನೈತೆ ಬುಡು" ಎಂದಳು. ಒಳಗೆ ತೆರೆದುಕೊಂಡಿದ್ದ ಬಾಗಿಲು ತಣ್ಣಗೆ ಮುಚ್ಚಿಕೊಂಡಿತು. ಹಾಕಿಕೊಳ್ಳಲಿ. ವೇದಿಕೆಯ ಮೇಲೆ ನಿಂತು, ತಾನೇ ಹೊಲಿದೆ ಅನ್ನಲಿ.

ಕೋಟನ್ನು ಕೊಟ್ಟಿದ್ದು ಒಳಮೈ ಹೊರಗೆ ಮಾಡಿಯೇ. ಸೌಂದರ್ಯ ಅದನ್ನು ತಿರುವಿ, ಬೆನ್ನು ನೋಡದೆ, ಮುಂಭಾಗವನ್ನಷ್ಟೇ ಎದೆಗೆ ಹಿಡಿದು ನೋಡಿ, ತೋಳು ತೂರಿಸಿಕೊಂಡಳು. ಕೋಟು ಅವಳಿಗೆ ಒಪ್ಪಿತು. ಗಿರಿಜಾಂಬಿಕಾಗೆ ಅದು ಬೇಕಿರಲಿಲ್ಲ. ಎಲ್ಲೋ ಒಂದು ಕಡೆ ಎಳೆಯುತ್ತದೆ, ಹೊಟ್ಟೆಯ ಹತ್ತಿರ ಬಾಯಿ ಬಿಡುತ್ತದೆ ಎಂದುಕೊಂಡಿದ್ದಳು. ಅವಳ ಕೈ ಅವಳಿಗೆ ದ್ರೋಹ ಮಾಡಿ ಅಳತೆಯನ್ನು ಸರಿಯಾಗಿಯೇ ಹೊಲಿದಿತ್ತು. ನಿಸರ್ಗ ಮುಂದಿನಿಂದ ಒಂದು ಫೋಟೋ ತೆಗೆದಳು, ಪಕ್ಕದಿಂದ ಒಂದು, ಆಮೇಲೆ ತುಟಿ ಕಚ್ಚಿಕೊಂಡು, ತಿರುಗಿ ಸೌಂದರ್ಯತ್ತೆ, ಬ್ಯಾಕ್ ಸೈಡ್ ಇನ್ನೂ ಸೂಪರಾಗಿದೆ ಎಂದಳು. ಫೋಟೋ ತೆಗೆದು ಫೋನನ್ನು ಅವಳ ಕೈಗೇ ಕೊಟ್ಟಳು. ಸೌಂದರ್ಯ ನೋಡಿದಳು. ಎರಡು ಬೆರಳಿನಿಂದ ಚಿತ್ರವನ್ನು ಅಗಲಿಸಿದಳು. ಇನ್ನೂ ಅಗಲಿಸಿದಳು. ಆಮೇಲೆ ಫೋನನ್ನು ಮಂಚದ ಮೇಲಿಟ್ಟು, ಒಂದೊಂದೇ ತೋಳನ್ನು ಕಳಚಿದಳು. ಕೋಟನ್ನು ಮಂಚಕ್ಕೆ ಹಾಸಿ ಪಟ್ಟೆಗಳ ಮೇಲೆ ಅಂಗೈ ಇಟ್ಟಳು. ಗಿರಿಜಾಂಬಿಕಾ ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಸುಳ್ಳುಗಳನ್ನು ಒಂದರ ಹಿಂದೆ ಒಂದು ನೆನೆಸಿಕೊಂಡಳು, ಸೀರೆಗೆ ನುಸಿ ಹಿಡಿದಿತ್ತು, ಇದು ತಿಪಟೂರಿನಲ್ಲಿ ತಂದ ಹೊಸ ಬಟ್ಟೆ, ಎಲ್ಲರ ಮನೆಯಲ್ಲೂ ಇಂಥದ್ದು ಇರುತ್ತದೆ.

"ಇದು ಅಪ್ಪಂದು" ಎಂದಳು ಸೌಂದರ್ಯ.

ತೋಟಕ್ಕೆ ಹೋಗುವಾಗ ಅಪ್ಪ ಪಂಚೆ ಎತ್ತಿ ಕಟ್ಟುತ್ತಿದ್ದರು, ಅವರ ದಾಪುಗಾಲಿಗೆ ಸರಿಸಮ ಓಡಲಾರದೆ ಇಂಥದೇ ಚಡ್ಡಿಯ ತುದಿಯನ್ನು ಹಿಡಿದುಕೊಂಡು ಹೋಗುತ್ತಿದ್ದೆ, ಅವರ ಕೈ ಸಿಗುವಷ್ಟು ಎತ್ತರ ನಾನಿರಲಿಲ್ಲ, ನನ್ನ ಮುಖದ ಮುಂದೆ ಯಾವಾಗಲೂ ಈ ನೀಲಿ ಪಟ್ಟೆಯೇ, ಎಂದು ಅವಳು ಕೋಟಿಗೆ ಹೇಳುವ ಹಾಗೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಬಾಯಿ ಸೊಟ್ಟಗಾಯಿತು. ಗಿರಿಜಾಂಬಿಕಾ ಆ ಅಳುವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಅಕ್ಕಂದಿರ ಅಳುವಿನಲ್ಲಿ ಕೇಳಿದ್ದ ಸದ್ದು ಕೇಳಲೆಂದು ಕಾದಳು. ಕೇಳಿಸಲಿಲ್ಲ.

"ನಾನು ಒಂದ್ ಸಲಾನೂ ಒಗೀಲಿಲ್ಲ ಅತ್ತಿಗೆ. ಮೂಗ್ ಮುಚ್ಕೊಂಡು ಕೂತಿದ್ದೆ. ನೀವು ನೋಡೂ ನೋಡ್ದಂಗೆ ಇದ್ರಿ." ಅವಳು ಮೂಗು ಒರೆಸಿಕೊಂಡಳು. "ನಾಚಿಕೆ ಇಲ್ದೆ ನಿಮ್ಮವ್ವನ ಸೀರೆ ಕೇಳ್ದೆ. ನೀವು ನಮ್ಮಪ್ಪನ್ನ ಕೊಟ್ರಿ."

ಗುರುಸಿದ್ದಮ್ಮ ಮೂಲೆಯಿಂದ ಹೇಳಿದಳು, ತನಗೆ ಬೆಳಿಗ್ಗೆಯೇ ಗೊತ್ತಾಯಿತಂತೆ, ನಲವತ್ತು ವರ್ಷ ಮುಟ್ಟಿದ ಬಟ್ಟೆ ಕೈಗೆ ತಿಳಿಯುವುದಿಲ್ಲವೇ, ಸೊಸೆ ತಾನಾಗಿ ಹೇಳಲಿ ಎಂದು ಸುಮ್ಮನಿದ್ದಳಂತೆ. ಜ್ಞಾನೇಶ್, "ಅವ್ಳು ಹಂಗೇ ಕಣಮ್ಮ, ಮಾಡ್ತಾಳೆ, ಹೇಳಲ್ಲ" ಎಂದ. ಈ ಮಾತಿನಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಗಿರಿಜಾಂಬಿಕಾಗೆ ಅವನ ಮುಖ ನೋಡಲಾಗಲಿಲ್ಲ. ಹೇಳಬೇಕಾದ ಮಾತು ಬಾಯಿಯ ತನಕ ಬಂದಿತ್ತು. ಅದು ಪ್ರೀತಿಯಲ್ಲ, ನಿನ್ನನ್ನು ನಗೆಪಾಟಲು ಮಾಡಲೆಂದು ಹೊಲಿದದ್ದು. ಇಷ್ಟೇ. ಬಾಯಿ ತೆರೆದಳು. ಬಾಯಿ ತನಗೆ ಬರುವುದನ್ನೇ ಹೇಳಿತು. "ಇರ್ಲಿ ಬುಡು, ಅಳಬೇಡ."

ಸೌಂದರ್ಯ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. ರೂಲ್ಸ್ ಹಾಳಾಗಲಿ, ನಮ್ಮತ್ತಿಗೆ ಹೊಲಿದದ್ದು ಎಂದೇ ಹೇಳುತ್ತೇನೆ, ಇದು ನಮ್ಮಪ್ಪನ ಪಟಾಪಟಿ ಚಡ್ಡಿ ಎಂದು ಮೈಕಿನಲ್ಲೇ ಹೇಳುತ್ತೇನೆ, ಯಾರು ನಗುತ್ತಾರೋ ನಗಲಿ, ಎಂದಳು. ಹೀಗೆ ಒಂದೇ ಉಸಿರಿನಲ್ಲಿ ಅವಳು ಅತ್ತಿಗೆಯ ಕೈಯಲ್ಲಿ ಉಳಿದಿದ್ದ ದೂರನ್ನೂ ಕಿತ್ತುಕೊಂಡಳು. ಜನ ನೋಡ್ತಾರೆ, ಅವ್ವಾ. ಗಿರಿಜಾಂಬಿಕಾ ಗೋಡೆಯ ಕಡೆ ನೋಡಿದಳು, ಅಲ್ಲಿ ಮಂಚದ ತಲೆಯ ಹತ್ತಿರ ಎಣ್ಣೆಯ ತಲೆ ಒರಗಿ ಒರಗಿ ಆದ ಕಲೆ ಇನ್ನೂ ಇತ್ತು. ಬೇಡ, ಮೈಕಿನಲ್ಲಿ ಹೇಳಬೇಡ, ಎನ್ನಲು ಅವಳಿಗೆ ಈಗ ಯಾವ ಹಕ್ಕಿತ್ತು. ಮಾವ ಮುಚ್ಚಿಡು ಎಂದು ಕೇಳಿಕೊಂಡದ್ದನ್ನು ಅವಳೇ ಬೆನ್ನಿನ ಅಗಲಕ್ಕೆ ಹರಡಿ, ಗಟ್ಟಿ ದಾರದಲ್ಲಿ ಹೊಲಿದು, ಕಾರಿನಲ್ಲಿ ಕಳಿಸುತ್ತಿದ್ದಳು.

"ಮೂಲೇಗೆ ಇಟ್ಯೇನಮ್ಮ?" ಗುರುಸಿದ್ದಮ್ಮ ಕೇಳಿದಳು.

"ಇಟ್ಟೆ ಅತ್ತೆಮ್ಮ."

ನಿಸರ್ಗ ತಾಯಿಯನ್ನು ನೋಡಿದಳು. ಬೆಳಗಿನ ನೋಟವಲ್ಲ. ಹಳೆಯ ರುಬ್ಬುಗುಂಡಿನ ನೋಟವೂ ಅಲ್ಲ, ಅದಾಗಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಮಗಳ ಕಣ್ಣಿನಲ್ಲಿ ಗಿರಿಜಾಂಬಿಕಾ ಕಂಡದ್ದು ತನ್ನದೇ ಆದ ತಣ್ಣಗಿನ ಅದು, ಶೆಟ್ಟಿಕೆರೆಯ ಬಸ್ಸಿನಲ್ಲಿ ತನ್ನೊಳಗೆ ಬಂದು ಕೂತದ್ದು. ತಾನು ಯಾರಿಗೂ ತೋರಿಸದೆ ಸಾಕಿಕೊಂಡಿದ್ದೆ ಎಂದುಕೊಂಡದ್ದು ಮಗಳಿಗೆ ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ ದಾಟಿಹೋಗಿತ್ತು. ಸೌಂದರ್ಯ ಕೋಟನ್ನು ಬ್ಯಾಗಿಗೆ ಹಾಕಲಿಲ್ಲ, ಮಡಚಿ ಮಗುವಿನ ಹಾಗೆ ತೋಳಿನ ಮೇಲೆ ಇಟ್ಟುಕೊಂಡು ಕಾರು ಹತ್ತಿದಳು. ಕಾರು ತೆಂಗಿನ ಸಾಲಿನ ನಡುವೆ ಹೋಗಿ ರಸ್ತೆಗೆ ತಿರುಗುವವರೆಗೂ ಎಲ್ಲರೂ ಜಗುಲಿಯಲ್ಲಿ ನಿಂತಿದ್ದರು.

ಗಿರಿಜಾಂಬಿಕಾ ಪಾತ್ರೆಗಳನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ತೊಳೆಯಲಿಲ್ಲ. ಅವನ್ನು ಕಲ್ಲಿನ ಮೇಲಿಟ್ಟು ಕೊಟ್ಟಿಗೆಯ ಹಿಂದಕ್ಕೆ ಹೋಗಿ ನಿಂತಳು. ಹಗ್ಗ ಹಾಗೇ ಇತ್ತು, ಬಿಸಿಲಿಲ್ಲದ ಜಾಗದಲ್ಲಿ ಕಪ್ಪಾಗಿ ನಡುವೆ ಜಗ್ಗಿಕೊಂಡಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಎಳೆದಾಗ ಗಂಟು ಕೈಗೆ ತಾಗಿತು. ಬಿಚ್ಚಿದಳು. ಬೆಲ್ಲ ಸೀರೆಗೆ ಅಂಟಿಕೊಂಡಿತ್ತು, ಕೊಬ್ಬರಿಯ ಸುತ್ತ ಎಣ್ಣೆಯ ಕಲೆ ಆಗಲೇ ಹರಡಿತ್ತು, ಎಲ್ಲಿಂದಲೋ ಒಂದು ಇರುವೆ ಬಂದಿತ್ತು. ಇರುವೆಯನ್ನು ಊದಿದಳು. ಎರಡನ್ನೂ ಬಾಯಿಗೆ ಹಾಕಿಕೊಂಡಳು.

ಹಿಂದೆ ಹೆಜ್ಜೆಯ ಸದ್ದಾಯಿತು. ನಿಸರ್ಗ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದಳು, ಹತ್ತಿರ ಬರಲಿಲ್ಲ. "ಏನ್ ತಿಂತಿದೀಯಮ್ಮ" ಎಂದು ಕೇಳಿದಳು, ಉತ್ತರ ಗೊತ್ತಿದ್ದವರು ಕೇಳುವ ಹಾಗೆ. ಬೆಲ್ಲ ಆಗಲೇ ಕರಗಿ ಹೋಗಿತ್ತು. ಕೊಬ್ಬರಿ ಉಳಿದಿತ್ತು, ಜ್ಞಾನೇಶ್ ಅಲ್ಲಾಡಿಸಿ ಆರಿಸಿದ ಒಳ್ಳೆಯ ಗಟ್ಟಿ ಕೊಬ್ಬರಿ, ಎಷ್ಟು ಅಗಿದರೂ ಬಾಯಿ ತುಂಬ ಇದ್ದೇ ಇತ್ತು. ಬಾಯಿ ತುಂಬಿದ್ದರಿಂದ ಮೊದಲ ಸಲ ಅವಳ ಬಾಯಿಗೆ ಬುಡು ಅನ್ನುವ ಆ ಮಾತು ಬರಲಿಲ್ಲ. ಅವಳು ಮಗಳನ್ನು ನೋಡುತ್ತ ಅಗಿಯುತ್ತಲೇ ನಿಂತಳು.